ನಾಲ್ಕು ಬೆರಳು ವಾಟ

ಮೇ 4

ಮಾವ,

ಟೈಲ್ಸ್ ಕತ್ತರಿಸೋ ಮಷೀನು ನಿಮ್ಮ ಕಿವಿ ತಿಂದು ಕೂತಿದೆ, ಫೋನ್ ಮಾಡಿ ಉಪಯೋಗ ಇಲ್ಲ. ನನಗೆ ಬರೆಯೋಕೆ ಕೂತ್ರೆ ಎರಡು ಸಾಲಿಗೇ ಸಾಕಾಗುತ್ತೆ. ಅದಕ್ಕೆ ಶಿಫ್ಟ್ ಮುಗಿಸ್ಕೊಂಡು ಬಂದು ಹೊರಗಡೆ ಕೂತು ನಾನು ಬಾಯಲ್ಲಿ ಹೇಳ್ತಾ ಹೋಗ್ತೀನಿ, ಈ ಫೋನೇ ಅಕ್ಷರ ಮಾಡ್ಕೊಳ್ಳುತ್ತೆ. ತಪ್ಪಿದ್ರೆ ಅದು ಫೋನಿಂದು. ಬೈಗುಳ ಬಂದ್ರೆ ಅದು ನಂದು.

ಮೊದಲನೇದು, ನಿಮ್ಮ ಮಗಳು ಚೆನ್ನಾಗಿದ್ದಾಳೆ. ದಿನಕ್ಕೆ ನಾಲ್ಕು ಸೂಜಿ, ಒಂದೂ ತಪ್ಪಿಲ್ಲ. ಮೂರು ತಿಂಗಳಿಗೆ ಆಗೋಷ್ಟು ಇನ್ಸುಲಿನ್ ಫ್ರಿಜ್ಜಲ್ಲಿದೆ. ನೀವು ಕೇಳಲ್ಲ ಅಂತ ಗೊತ್ತು, ಆದ್ರೂ ಹೇಳ್ದೆ. ಅವಳನ್ನ ಮದುವೆಯಾಗಿ ಈ ಪರದೇಶಕ್ಕೆ ಕರ್ಕೊಂಡು ಬಂದು ಒಂಬತ್ತು ತಿಂಗಳಾಯ್ತು, ನೀವು ಒಂದಕ್ಷರ ಬರೆದಿಲ್ಲ. "ಗೋಡೆ ನೆಟ್ಟಗೆ ಎಬ್ಬಿಸೋಕೆ ಬರದವನ ಕೈಗೆ ನನ್ನ ಮಗಳ ಸೂಜಿ ಕೊಡಲ್ಲ" ಅಂತ ಬಾಗಿಲಲ್ಲಿ ನಿಂತು ಹೇಳಿದ್ರಲ್ಲ, ಅದೇ ಕೊನೇ ಮಾತು. ಅವಳು "ನನ್ನ ಸೂಜಿ ನಾನೇ ಚುಚ್ಕೋತೀನಿ" ಅಂತ ಚೀಲ ಎತ್ಕೊಂಡ್ಲು. ಆವತ್ತಿಂದ ಅವಳೂ ನಿಮಗೆ ಬರೆದಿಲ್ಲ, ನೀವೂ ಅವಳಿಗೆ ಬರೆದಿಲ್ಲ. ಮಧ್ಯದಲ್ಲಿ ನಾನು.

ಎರಡನೇದು, ನಾನೊಂದು ಸುಳ್ಳು ಹೇಳಿದ್ದೆ. ಮನೆ ಬಾಡಿಗೆಗೆ ಸಿಕ್ತು ಅಂತ ಬರೆದಿದ್ನಲ್ಲ, ಅದು ಮನೆ ಅಲ್ಲ. ಗಾಡಿ. ಕಾರಿನ ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ಟ್ರೇಲರ್. ಒಳಗೆ ಒಂದು ಮಂಚ, ಒಂದು ಒಲೆ, ಮಡಚೋ ಮೇಜು, ಬಚ್ಚಲು ಅಂತ ಹೆಸರಿಟ್ಕೊಂಡಿರೋ ಒಂದು ಬೀರು. ಇಂಥವು ಇಲ್ಲಿ ಮೂವತ್ತು ನಲವತ್ತು ಸಾಲಾಗಿ ನಿಂತಿವೆ. ನಮ್ಮಂಥವರೇ ಇರೋದು.

ಹೋದ ವಾರ ಜಾಗದ ಯಜಮಾನ ನಮ್ಮನ್ನ ಕಡೇ ಸಾಲಿಗೆ ದಬ್ಬಿದ. ಅದು ಇಳಿಜಾರು. ಬಾಗಿಲು ತನ್ನಷ್ಟಕ್ಕೆ ತಾನೇ ತೆಗ್ದುಕೊಳ್ಳುತ್ತೆ. ಒಬ್ಬರು ಎದ್ದು ನಿಂತ್ರೆ ಇನ್ನೊಬ್ಬರ ಟೀ ಚೆಲ್ಲುತ್ತೆ. ಮೊನ್ನೆ ಅವಳು ಹೊಟ್ಟೆಗೆ ಸೂಜಿ ಹಾಕ್ಕೊಳ್ತಿರುವಾಗ ನಾನು ಮೆಟ್ಟಿಲು ಹತ್ತಿದೆ ನೋಡಿ, ಗಾಡಿ ತೊಟ್ಟಿಲ ಥರ ಅಲ್ಲಾಡಿ ಸೂಜಿ ಒಳಗೇ ಬಾಗ್ತು. ಅವಳು ಅದನ್ನ ಎಳೆದು ಹಾಕಿ ಇನ್ನೊಂದು ಸೂಜಿ ತಗೊಂಡ್ಲು. ಅದು ನನಗೆ ತಡೀಲಿಲ್ಲ.

ಗಾಡಿಯ ನಾಲ್ಕು ಮೂಲೆಗೂ ಜಾಕಿ ಇದೆ. ತಗ್ಗಿರೋ ಕಡೆ ಜಾಕಿ ತಿರುಗಿಸಿ ತಿರುಗಿಸಿ ಎತ್ತಿದೆ. ಎತ್ತಿದೆ ಅಂದ್ಕೊಂಡೆ, ಜಾಕಿ ಕಾಲೇ ಬಾಗಿಹೋಯ್ತು. ಫೋಟೋ ಹಾಕಿದ್ದೀನಿ, ನಗಬೇಡಿ.

ಕೆಳಗೆ ಏನಿಡಬೇಕು ಮಾವ? ಸಿಮೆಂಟ್ ಬ್ಲಾಕಾ, ಇಟ್ಟಿಗೆನಾ, ಮರನಾ? ನಿಮ್ಮನ್ನ ಬಿಟ್ರೆ ಕೇಳೋಕೆ ನನಗೆ ಯಾರಿದ್ದಾರೆ.

ಇಂತಿ,
ನೀವೇ ಹೆಸರಿಟ್ಟ ಗಡಿಬಿಡಿ


ಮೇ 9

ಗಡಿಬಿಡಿ,

ಕಾಗದದ ಮೇಲೆ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ದೊಡ್ಡದು ಮಾಡಿಕೊಂಡು ಓದು.

ಮೂಲೆಯ ಜಾಕಿ ಎತ್ತುವುದಕ್ಕಲ್ಲ. ಅದರ ಕಾಲು ನೋಡಿದರೇ ತಿಳಿಯುತ್ತದೆ. ಏಳು ವರ್ಷ ನನ್ನ ಹತ್ತಿರ ಕೆಲಸ ಮಾಡಿದ್ದೀಯ. ಸೆಂಟ್ರಿಂಗ್ ಕಂಬ ಕೊಟ್ಟು ಸ್ಲ್ಯಾಬನ್ನು ಮೇಲೆತ್ತಿದ್ದನ್ನು ಎಂದಾದರೂ ಕಂಡಿದ್ದೀಯಾ? ಕಂಬ ಹಿಡಿದುಕೊಳ್ಳುವುದಕ್ಕೆ. ಇದೂ ಹಾಗೆ. ಮಟ್ಟ ಮಾಡುವುದು ಒಂದು ಕೆಲಸ, ಅಲುಗದಂತೆ ಮಾಡುವುದು ಇನ್ನೊಂದು. ನೀನು ಎರಡನ್ನೂ ಒಂದೇ ಸಲ ಮಾಡಲು ಹೋಗಿದ್ದೀಯ. ನಿನ್ನ ಹಳೆಯ ಬುದ್ಧಿ. ಸೈಟಿನಲ್ಲಿ ನೀನು ಅರ್ಧಕ್ಕೆ ಬಿಟ್ಟುಹೋದ ಮೆಟ್ಟಿಲನ್ನು ನಾನೇ ಮುಗಿಸಿದೆ, ನೆನಪಿರಲಿ.

ಬ್ಲಾಕಿನ ಮಾತು ಹೇಳುವ ಮೊದಲು ನನಗೆ ತಿಳಿಯಬೇಕಾದದ್ದು ಇದೆ. ನೆಲ ಜಲ್ಲಿಯೋ ಮಣ್ಣೋ? ಇಳಿಜಾರು ಅಡ್ಡಕ್ಕೋ ಉದ್ದಕ್ಕೋ? ಅಲ್ಲಿ ಕೈಗೆ ಸಿಗುವುದು ಏನೇನು?

ಒಳಗೆ ಎಷ್ಟು ಜನ ಇರುತ್ತೀರಿ, ಒಬ್ಬೊಬ್ಬರ ತೂಕ ಎಷ್ಟು, ಅದನ್ನೂ ಬರೆ. ಭಾರದ ಲೆಕ್ಕ ಹಾಕಬೇಕು. ಹೋದ ತಿಂಗಳಿಗೂ ಈ ತಿಂಗಳಿಗೂ ವ್ಯತ್ಯಾಸ ಆಗಿದ್ದರೆ ಅದನ್ನೂ.

ಮಾವ


ಮೇ 12

ಮಾವ,

ನಿಮ್ಮ ಅಕ್ಷರ ನೋಡಿ ಎಷ್ಟು ದಿನ ಆಗಿತ್ತು. ಒಳಗೆ ಹೋಗಿ ಅವಳಿಗೆ ತೋರ್ಸಿದೆ. "ನಿನಗೆ ಬಂದಿದ್ದು, ನೀನೇ ಓದ್ಕೋ" ಅಂದ್ಲು. ಆಮೇಲೆ ನಾನು ಸ್ನಾನಕ್ಕೆ ಹೋದಾಗ ಫೋನು ಇಟ್ಟ ಜಾಗದಲ್ಲಿ ಇರಲಿಲ್ಲ.

ಇಬ್ಬರೇ. ನಾನು ಅರವತ್ತೆರಡು ಕೆಜಿ. ಅವಳು ನಲವತ್ತೇಳು, ಹೋದ ತಿಂಗಳು ನಲವತ್ತಾರೂವರೆ. ಎರಡು ಟನ್ ಗಾಡಿಗೆ ಅವಳ ಅರ್ಧ ಕೆಜಿ ಎಲ್ಲಿ ಲೆಕ್ಕಕ್ಕೆ ಬರುತ್ತೋ ನಿಮಗೇ ಗೊತ್ತು. ಬರೀ ಅಂದ್ರಿ, ಬರೆದೆ.

ನೆಲ ಮಣ್ಣು. ಮೇಲೆ ಶಾಸ್ತ್ರಕ್ಕೆ ಒಂದು ಹಿಡಿ ಜಲ್ಲಿ. ಇಳಿಜಾರು ಅಡ್ಡಕ್ಕೆ, ಬಾಗಿಲಿರೋ ಕಡೆ ತಗ್ಗು, ಒಂದು ಗೇಣು.

ಸಿಗೋದು ಏನಂದ್ರೆ, ಒಡೆದುಹಾಕಿದ ಗೋಡೆಯ ಹಾಲೋ ಬ್ಲಾಕು ಬೇಕಾದಷ್ಟು ಬಿದ್ದಿದೆ, ಯಾರೂ ಕೇಳೋರಿಲ್ಲ. ನಾನು ಕೆಲಸ ಮಾಡೋ ಬಾಟಲಿ ಫ್ಯಾಕ್ಟರಿಲಿ ಮುರಿದ ಮರದ ಹಲಗೆಗಳು, ತೆಳ್ಳಗೆ, ಮೊಳೆ ತುಂಬಿರೋವು. ಹಳೇ ರೈಲು ಹಳಿ ಕೆಳಗಿನ ದಿಮ್ಮಿ ಎರಡು, ಪಕ್ಕದ ಗಾಡಿಯವರ ಹತ್ತಿರ. ಅಂಗಡಿಲಿ ಹಳದಿ ಪ್ಲಾಸ್ಟಿಕ್ ಬ್ಲಾಕು ಸಿಗುತ್ತೆ, ಒಂದರ ಮೇಲೊಂದು ಕಚ್ಕೊಂಡು ಕೂರೋದು.

ಪಕ್ಕದ ಗಾಡೀಲಿರೋದು ಲಾರಿ ಅಜ್ಜಿ. ಮೂವತ್ತು ವರ್ಷ ಲಾರಿ ಓಡಿಸಿದ್ದಾರಂತೆ. ನಾನು ಜಾಕಿ ಬಾಗಿಸಿದ್ದು ನೋಡಿ "ಕಬ್ಬಿಣನೂ ನಿನ್ನ ಕೈಗೆ ಸಿಕ್ಕಿ ಸೊರಗಿ ಹೋಯ್ತಲ್ಲಪ್ಪ" ಅಂದ್ರು. ಅವರು ಪ್ಲಾಸ್ಟಿಕ್ಕೇ ಒಳ್ಳೇದು ಅಂತಾರೆ.

ಇನ್ನೊಂದು. ಚಾವಣಿಯ ಒಂದು ಜೋಡಣೆ ಬಿಟ್ಟಿದೆ, ಮಂಚದ ಮೇಲೇ ಸರಿಯಾಗಿ. ಮಳೆ ಬಂದ್ರೆ ಅವಳು ಮಲಗೋ ಕಡೆ ಸೋರುತ್ತೆ. ಅದಕ್ಕೂ ಏನಾದ್ರೂ ಹೇಳಿ.

ಗಡಿಬಿಡಿ


ಮೇ 16

ಗಡಿಬಿಡಿ,

ಹಾಲೋ ಬ್ಲಾಕು ಮುಟ್ಟಬೇಡ. ಗೋಡೆಯಲ್ಲಿ ಅದಕ್ಕೆ ಮೇಲಿಂದ ಸಮನಾಗಿ ಭಾರ ಬೀಳುತ್ತದೆ, ತಡೆಯುತ್ತದೆ. ಚಕ್ರವೋ ಜಾಕಿಯೋ ಒಂದೇ ಕಡೆ ಒತ್ತಿದರೆ ಬಿಸ್ಕತ್ತಿನಂತೆ ಪುಡಿ. ಅದು ಬಿರುಕು ಬಿಟ್ಟು ಮುನ್ಸೂಚನೆ ಕೊಡುವ ಪೈಕಿಯಲ್ಲ, ಒಮ್ಮೆಗೇ ಹೋಗುತ್ತದೆ. ನೀನು ಕೆಳಗೆ ತೂರಿ ನೋಡುತ್ತಿರುವಾಗಲೇ ಹೋಗುತ್ತದೆ. ಇಟ್ಟಿಗೆಯೂ ಬೇಡ. ಫ್ಯಾಕ್ಟರಿಯ ತೆಳು ಹಲಗೆ ಸೀಳುತ್ತದೆ. ಪ್ಲಾಸ್ಟಿಕ್ ಮಕ್ಕಳ ಆಟಿಕೆ. ಲಾರಿ ಓಡಿಸಿದವರಿಗೆ ಲಾರಿ ಗೊತ್ತಿರಬಹುದು, ಪಾಯ ಗೊತ್ತಿರಬೇಕಿಲ್ಲ.

ದಿಮ್ಮಿ ಕೇಳಿ ತೆಗೆದುಕೋ. ಎರಡಂಗುಲ ದಪ್ಪಕ್ಕೆ ಸೀಳಿಸು. ಮಣ್ಣಿನ ಮೇಲೆ ಮೊದಲು ಅಗಲವಾದದ್ದು ಹಾಸು, ಚಕ್ರದ ಎರಡರಷ್ಟು ಅಗಲ. ಅದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು, ಮೆಟ್ಟಿಲಿನ ಹಾಗೆ. ಗಾಡಿಯನ್ನು ಎತ್ತಬೇಡ, ಎಳೆಸಿ ಚಕ್ರವನ್ನು ಅದರ ಮೇಲೆ ಹತ್ತಿಸು. ಹತ್ತಿದ ಕೂಡಲೇ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಬೆಣೆ ಕೊಡು. ಬೆಣೆ ಕೊಡದೆ ಕೊಂಡಿ ಬಿಚ್ಚಿದೆಯೋ, ಗಾಡಿ ನಿನ್ನ ಕೈಗೆ ಸಿಗದು. ಆಮೇಲೆ ಕೊಂಡಿ ಇರುವ ಮೂತಿಯ ಜಾಕಿಯಿಂದ ಉದ್ದದ ಮಟ್ಟ. ಎಲ್ಲ ಮುಗಿದ ಮೇಲೆ ಮೂಲೆಯ ಜಾಕಿ ಇಳಿಸಿ, ನೆಲ ಮುಟ್ಟಿ ಇನ್ನೊಂದರ್ಧ ಸುತ್ತು. ಅಷ್ಟೇ.

ಸೋರುವುದಕ್ಕೆ ಉಪಾಯ ನಿನಗೇ ಹೊಳೆಯಬೇಕಿತ್ತು. ಚಾವಣಿ ಇರುವ ಯಾವುದಕ್ಕೂ ವಾಟ ಬೇಕು, ನೀರು ಇಳಿದುಹೋಗುವಷ್ಟು ಓರೆ. ರಸಮಟ್ಟದ ಗುಳ್ಳೆ ನಡುವೆ ನಿಂತರೆ ಚೆಂದ ಕಾಣುತ್ತದೆ, ಆದರೆ ನೀರೂ ಅಲ್ಲೇ ನಿಂತಿರುತ್ತದೆ. ಬಾಗಿಲ ಕಡೆಗೆ ಒಂದು ಬೆರಳು ತಗ್ಗಿಸಿ ನಿಲ್ಲಿಸು. ನೀರು ಮಂಚದ ಮೇಲೆ ನಿಲ್ಲದೆ ಹರಿದುಹೋಗುತ್ತದೆ.

ತೂಕ ಏರಿದ್ದು ಒಳ್ಳೆಯದು. ಗಾಡಿಗೆ ತೊಂದರೆ ಇಲ್ಲ.

ಮಾವ


ಮೇ 24

ಮಾವ,

ನಿಂತ್ಕೊಳ್ತು! ನೀವು ಹೇಳಿದ್ದು ಒಂದೂ ಬಿಡದೆ ಮಾಡಿದೆ. ಲಾರಿ ಅಜ್ಜಿ ತಮ್ಮ ಹಳೇ ಪಿಕಪ್ ತಂದು ಎಳೆದ್ರು, ನಾನು ಬೆಣೆ ಹಿಡ್ಕೊಂಡು ಚಕ್ರದ ಪಕ್ಕ ಓಡಿದೆ, ನಿಮ್ಮ ಮಗಳು ಎದುರಿಗೆ ನಿಂತು ಕೈಸನ್ನೆ ಮಾಡಿದ್ಲು. "ಬಲಕ್ಕೆ, ಬಲಕ್ಕೆ, ನಿನ್ನ ಬಲಕ್ಕಲ್ಲ, ಬಲಕ್ಕೆ" ಅಂತ. ಒಂಬತ್ತು ತಿಂಗಳಲ್ಲಿ ಅವಳು ಅಷ್ಟು ಜೋರಾಗಿ ನಕ್ಕಿದ್ದು ನಾನು ನೋಡಿರಲಿಲ್ಲ.

ಈಗ ನಾನು ಒಳಗೆ ಕುಣಿದ್ರೂ ಲೋಟದ ನೀರು ಅಲ್ಲಾಡಲ್ಲ. ಸೂಜಿ ಹಾಕ್ಕೊಳ್ಳುವಾಗ "ಉಸಿರು ಹಿಡ್ಕೊಂಡು ನಿಲ್ಲು" ಅಂತ ನನಗೆ ಹೇಳೋದು ಬಿಟ್ಟಿದ್ದಾಳೆ.

ವಾಟ ನೀವು ಒಂದು ಬೆರಳು ಅಂದ್ರಿ. ಒಂದು ಬೆರಳಿಗೆ ಆ ಜೋಡಣೆ ಹತ್ತಿರ ನೀರು ನಿಲ್ತಾನೇ ಇತ್ತು, ಬಕೆಟ್ಟಲ್ಲಿ ಸುರಿದು ನೋಡಿದೆ. ಒಂದು ಹಲಗೆ ತೆಗೆದು ನಾಲ್ಕು ಬೆರಳು ಕೊಟ್ಟೆ. ನಿನ್ನೆ ಮಳೆ ಬಂತು ಮಾವ. ಒಂದು ಹನಿ ಒಳಗೆ ಬೀಳ್ಲಿಲ್ಲ. ಹೊರಗೆ ಬಂದು ನೋಡ್ತೀನಿ, ಅಳತೆ ಹಿಡಿದು ಸುರಿದ ಹಾಗೆ ಬಾಗಿಲ ಕಡೆಗೆ ಹರೀತಿದೆ.

ಅಜ್ಜಿ ಮಾತ್ರ "ನಿಮ್ಮ ಮನೆ ಬಂದೋರಿಗೆಲ್ಲ ತಲೆ ಬಗ್ಗಿಸಿ ನಮಸ್ಕಾರ ಮಾಡ್ತಿದೆ" ಅಂತ ಆಡ್ಕೊಂಡ್ರು. ನಾನಂದೆ, "ನಮ್ಮ ಮಾವ ಮೂವತ್ತೆಂಟು ವರ್ಷದ ಮೇಸ್ತ್ರಿ. ಅವರು ಕಟ್ಟಿದ ಒಂದು ಮನೇನೂ ಸೋರಿಲ್ಲ."

ಶಹಬ್ಬಾಸ್ ಅನ್ನೋಕೆ ಮನಸ್ಸು ಬರದಿದ್ರೆ ಬೇಡ. ಸುಮ್ನೆ ಒಂದು ಸಾಲು ಬರೀರಿ.

ಗಡಿಬಿಡಿ


ಜೂನ್ 19

ಮಾವ, ಉತ್ತರ ಬರೀಲಿಲ್ಲ ನೀವು, ಇರಲಿ. ಈಗ ಮಾತ್ರ ಕೂಡಲೇ ಬರೀರಿ.

ಅವಳಿಗೆ ಗೊತ್ತಿಲ್ಲದ ಹಾಗೆ ಮಾತಾಡ್ತಿದ್ದೀನಿ, ಫ್ಯಾಕ್ಟರಿ ಗೋಡೆ ಹಿಂದೆ ನಿಂತು. ಹತ್ತು ದಿನದಿಂದ ಇಲ್ಲಿ ಬೆಂಕಿಯಂಥ ಬಿಸಿಲು. ತಗಡಿನ ಗಾಡಿ, ಮಧ್ಯಾಹ್ನ ಒಳಗೆ ಕೈ ಇಟ್ಟ ಕಡೆ ಸುಡುತ್ತೆ. ಅವಳು ನೀರು ಕುಡೀತಾನೇ ಇದ್ದಾಳೆ. ಬಿಸಿಲಿಗೆ ಅಂದ್ಕೊಂಡ್ವಿ. ಐದು ದಿನದಿಂದ ಶುಗರ್ ಇಳೀತಿಲ್ಲ. ಎರಡು ಯೂನಿಟ್ ಜಾಸ್ತಿ ತಗೊಂಡ್ಲು, ಇಳೀಲಿಲ್ಲ. ನಾಲ್ಕು ಜಾಸ್ತಿ, ಇಳೀಲಿಲ್ಲ. "ನನ್ನ ಲೆಕ್ಕವೇ ತಪ್ಪಿರಬೇಕು" ಅಂತ ಅವಳೇ ಊಟ ಬಿಟ್ಟಿದ್ದಾಳೆ. ಇವತ್ತು ಬೆಳಿಗ್ಗೆ ಎರಡು ಸಲ ವಾಂತಿ.

ಅವಳು ಚಿಕ್ಕವಳಿದ್ದಾಗ ಹೀಗೆ ಆದ್ರೆ ನೀವು ಏನು ಮಾಡ್ತಿದ್ರಿ? ಆಸ್ಪತ್ರೆ ಅಂದ್ರೆ "ಸುಮ್ನಿರು, ಅಪ್ಪನಿಗೆ ಬರೀಬೇಡ" ಅಂತಾಳೆ. ಎರಡನ್ನೂ ಯಾಕೆ ಒಟ್ಟಿಗೆ ಹೇಳ್ತಾಳೋ ನನಗೆ ಗೊತ್ತಾಗ್ತಿಲ್ಲ.

ಬೇಗ ಬರೀರಿ.


ಜೂನ್ 19

ಅವಳ ಲೆಕ್ಕ ತಪ್ಪುವುದಿಲ್ಲ. ಒಂಬತ್ತನೇ ವಯಸ್ಸಿನಿಂದ ತಪ್ಪಿಲ್ಲ. ಔಷಧಿ ಸತ್ತಿದೆ. ಕಾವು ತಗುಲಿದರೆ ನೋಡಲು ಹಾಗೇ ಇರುತ್ತದೆ, ಒಳಗೆ ಸತ್ತಿರುತ್ತದೆ.

ಉಸಿರು ಮೂಸಿ ನೋಡು. ಕೊಳೆತ ಹಣ್ಣಿನ ವಾಸನೆ ಬಂದರೆ ಒಂದು ಕ್ಷಣ ನಿಲ್ಲಬೇಡ. ಬರದಿದ್ದರೂ ನಿಲ್ಲಬೇಡ. ಅವಳು ಬೇಡ ಎನ್ನುತ್ತಾಳೆ, ಕೇಳಬೇಡ. ಎತ್ತಿಕೊಂಡು ಹೋಗು.

ನನ್ನ ಉತ್ತರ ಓದುತ್ತಾ ನಿಲ್ಲಬೇಡ. ಹೋಗು.


ಜೂನ್ 21

ಮಾವ,

ಜೀವ ಇದೆ.

ಮೊದಲು ಅದನ್ನೇ ಹೇಳ್ಬೇಕು ಅಂತ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಹತ್ತು ಸಲ ಬಾಯಿ ತೆಗೆದೆ, ಫೋನಿಗೆ ನನ್ನ ಮಾತೇ ಅರ್ಥ ಆಗ್ಲಿಲ್ಲ.

ನಿಮ್ಮ ಕಾಗದ ನೋಡಿ ಓಡಿ ಬಂದೆ. ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ಲು. ನೀವು ಹೇಳಿದ ವಾಸನೆ ಬಾಗಿಲಿಗೇ ಬಂತು. ಬೆಟ್ಟ ಹತ್ತಿದೋರ ಥರ ಉಸಿರಾಡ್ತಿದ್ಲು. ಕೂಗಿದ್ರೆ ಕಣ್ಣು ತೆಗೀತಾಳೆ, ನಾನು ಯಾರು ಅಂತ ಗೊತ್ತಾಗ್ತಿಲ್ಲ. ಲಾರಿ ಅಜ್ಜಿ ತಮ್ಮ ಪಿಕಪ್ ಓಡಿಸಿದ್ರು, ನಾನು ಹಿಂದೆ ಅವಳನ್ನ ತೊಡೆ ಮೇಲೆ ಮಲಗಿಸ್ಕೊಂಡಿದ್ದೆ. ದಾರಿ ಉದ್ದಕ್ಕೂ ನಿಮ್ಮನ್ನ ಕರೀತಿದ್ಲು. ನನ್ನನ್ನಲ್ಲ.

ಇನ್ನೊಂದು ಗಂಟೆ ತಡ ಆಗಿದ್ರೆ ಉಳೀತಿರಲಿಲ್ಲ ಅಂದ್ರು ಡಾಕ್ಟ್ರು.

ಈಗ ಎಚ್ಚರ ಇದೆ. ಎರಡೂ ಕೈಗೆ ನಳಿಕೆ. ಮಾತಾಡ್ತಾಳೆ, ಆದ್ರೆ ನನ್ನ ಜೊತೆ ಅಲ್ಲ, ನರ್ಸ್ ಜೊತೆ.

ಏನಾಗಿತ್ತು ಅಂತ ನಿಮಗೆ ಗೊತ್ತಾಗ್ಬೇಕು. ಗಾಡಿಲಿರೋದು ಕರೆಂಟ್ ಫ್ರಿಜ್ಜಲ್ಲ, ಗ್ಯಾಸಿಂದು. ತುಂಬಾ ಹಳೇದು. ಹಿಂದೆ ಒಂದು ಸಣ್ಣ ನೀಲಿ ಬೆಂಕಿ ಉರೀತಿರುತ್ತೆ. ಬೆಂಕಿ ಇದೆ ಅಂದ್ರೆ ಫ್ರಿಜ್ ನಡೀತಿದೆ ಅಂದ್ಕೊಂಡಿದ್ದೆ. ತಂಪು ಹೋಗ್ಬಾರ್ದು ಅಂತ ನಾವು ಬಾಗಿಲು ತೆಗೀತಾನೂ ಇರಲಿಲ್ಲ, ಬೆಳಿಗ್ಗೆ ಹೊತ್ತು ಸೀಸೆ ತಗೊಳ್ಳೋಕೆ ಮಾತ್ರ. ಬೆಳಿಗ್ಗೆ ಎಲ್ಲಾನೂ ಒಂಚೂರು ತಣ್ಣಗೇ ಇರುತ್ತಲ್ಲ. ಬಿಸಿಲು ಏರೋವರೆಗೂ ಔಷಧಿ ಹೇಗೋ ತಡ್ಕೊಂಡಿತ್ತು. ನಿನ್ನೆ ಅಜ್ಜಿ ಬಂದು ಒಳಗೆ ಕೈ ಹಾಕಿ ನೋಡಿದ್ರು, ಬೆಚ್ಚಗಿತ್ತು. "ಇದರೊಳಗೆ ಮೋಟರ್ ಇಲ್ಲಪ್ಪ, ಕೊಳವೆ ಒಳಗಿನ ನೀರು ತಂತಾನೇ ಇಳಿದು ಹೋಗ್ಬೇಕು. ಗಾಡಿ ವಾಲಿ ನಿಂತ್ರೆ ಅದು ಎಲ್ಲೋ ಒಂದು ಕಡೆ ನಿಂತುಬಿಡುತ್ತೆ. ಬೆಂಕಿ ಸುಮ್ನೆ ಉರೀತಿರುತ್ತೆ. ಮಟ್ಟ ಮಾಡೋದೇ ಇದಕ್ಕೋಸ್ಕರ, ನಿನಗೆ ಯಾರೂ ಹೇಳ್ಲಿಲ್ವಾ" ಅಂದ್ರು. ಫ್ರಿಜ್ ಬಾಗಿಲ ಒಳಗೆ ಒಂದು ಚೀಟಿನೂ ಅಂಟಿಸಿದೆ. ಅದೇ ಬರೆದಿದೆಯಂತೆ. ಇಲ್ಲಿಯ ಭಾಷೆ ಓದೋಕೆ ನನಗೆ ಬರಲ್ಲ.

ಗಾಡಿ ವಾಲಿಸಿ ನಿಲ್ಲಿಸಿದ್ದು ನಾನು. ಮೂರು ತಿಂಗಳ ಔಷಧಿ ಕುದಿಸಿದ್ದೂ ನಾನು. ಅವಳು ಅದನ್ನೇ ನಂಬಿ ಚುಚ್ಕೊಂಡು ಕೂತಿದ್ಲು.

ನೀವು ಬಾಗಿಲಲ್ಲಿ ನಿಂತು ಹೇಳಿದ್ದು ಸರಿ.


ಜೂನ್ 22

ಗಡಿಬಿಡಿ,

ಇಡೀ ಪತ್ರದಲ್ಲಿ ಎಲ್ಲೂ ವಾಟ ಎಂಬ ಮಾತು ಬಳಸದೆ 'ವಾಲಿಸಿ' ಎಂದು ಬರೆದಿದ್ದೀಯ. ನನ್ನನ್ನು ಉಳಿಸಲು ನೋಡಿದೆ. ಬೇಡ.

ವಾಟ ಕೊಡು ಎಂದು ಬರೆದವನು ನಾನು. ನೀನು ಕೇಳಿದ್ದು ಮಟ್ಟ ಮಾಡುವುದು ಹೇಗೆಂದು. ಹಳದಿ ಬ್ಲಾಕು ಆಟಿಕೆ ಎಂದೆ, ಲಾರಿ ಓಡಿಸಿದವರಿಗೆ ಏನು ಗೊತ್ತು ಎಂದೆ. ಅವರಿಗೆ ಗೊತ್ತಿತ್ತು. ನನಗೆ ಮನೆ ಗೊತ್ತು, ಗಾಡಿ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬರೆಯಲು ನನ್ನ ಕೈ ಏಳಲಿಲ್ಲ. ನೀನು ನಾಲ್ಕು ಬೆರಳು ಕೊಟ್ಟೆ ಎಂದು ಬರೆದಾಗ ಬಯ್ಯಬೇಕಿತ್ತು. ಬಯ್ಯಲಿಲ್ಲ. ಆ ಪತ್ರವನ್ನು ಸೈಟಿಗೆ ಒಯ್ದು ಎಲ್ಲರಿಗೂ ಓದಿ ಹೇಳಿದೆ.

ನಿನ್ನೆಯಿಂದ ಕೆಲಸಕ್ಕೆ ಹೋಗಿಲ್ಲ. ಗೋಡೆ ನೋಡುತ್ತಾ ಕೂತಿದ್ದೇನೆ.

ಅವಳು ಎದ್ದು ಓಡಾಡುವಂತಾದ ಕೂಡಲೇ ಇಲ್ಲಿಗೆ ಕಳಿಸು. ನಿನ್ನ ಮೇಲೆ ಸಿಟ್ಟಿನಿಂದ ಹೇಳುತ್ತಿಲ್ಲ. ಇಲ್ಲಿ ಫ್ರಿಜ್ ಇದೆ, ಪಕ್ಕದ ಬೀದಿಯಲ್ಲಿ ಡಾಕ್ಟರಿದ್ದಾರೆ, ನಾನಿದ್ದೇನೆ. ಟಿಕೆಟ್ಟು ನಾನು ತೆಗೆಸುತ್ತೇನೆ. ಅವಳನ್ನು ಕಳಿಸು.

ಮಾವ


ಜೂನ್ 27

ಮಾವ,

ಐದು ದಿನದಿಂದ ನಿಮ್ಮ ಕಾಗದ ಜೇಬಲ್ಲಿಟ್ಕೊಂಡು ಓಡಾಡ್ತಿದ್ದೀನಿ, ಅಂದ್ರೆ ಫೋನನ್ನ. ಅವಳಿಗೆ ತೋರಿಸಿರಲಿಲ್ಲ.

ಔಷಧಿ ಇಡೋಕೆ ಸರಿಯಾದ ಜಾಗ ಇಲ್ದೆ ಮನೆಗೆ ಬಿಡಲ್ಲ ಅಂತ ಡಾಕ್ಟ್ರು ಹೇಳಿದ್ರು. ಫ್ರಿಜ್ಜು ಮೂರು ದಿನ ಒಂದೇ ಸಮ ತಣ್ಣಗಿರೋದನ್ನ ಬರೆದು ತೋರಿಸ್ಬೇಕು ಅಂತ ಒಂದು ಥರ್ಮಾಮೀಟರ್ ಕೊಟ್ಟು ಕಳಿಸಿದ್ರು. ಗಾಡಿ ಪೂರ್ತಿ ಇಳಿಸಿ ಮತ್ತೆ ಮೊದಲಿಂದ ಹತ್ತಿಸಿದೆ. ಕೆಳಗೆ ದಿಮ್ಮಿ ಹಲಗೆ ಹಾಗೇ ಇಟ್ಟೆ, ಅದು ಕುಸಿದಿಲ್ಲ, ನೀವು ಹೇಳಿದ್ದು ಅಲ್ಲಿ ಸರಿ ಇತ್ತು. ಅದರ ಮೇಲೆ ಅಜ್ಜಿಯ ಹಳದಿ ಬ್ಲಾಕು. ಮರ ಎರಡಂಗುಲಕ್ಕಿಂತ ಕಮ್ಮಿ ಏರಲ್ಲ, ಇಳಿಯಲ್ಲ. ಇದನ್ನ ಒಂದೊಂದೇ ಬೆರಳು ಏರಿಸಬಹುದು. ರಸಮಟ್ಟನ ಫ್ರಿಜ್ ಒಳಗೇ ಇಟ್ಟು ನೋಡ್ದೆ, ನೆಲದ ಮೇಲಲ್ಲ. ಗುಳ್ಳೆ ನಡುವೆ ಬರೋವರೆಗೂ ಹನ್ನೊಂದು ಸಲ ಹತ್ತಿಸಿ ಇಳಿಸಿದ್ವಿ. ಹನ್ನೊಂದು ಸಲನೂ ಅಜ್ಜಿನೇ ಎಳೆದುಕೊಟ್ರು.

ಮಳೆ ಬಂದ್ರೆ ಸೋರುತ್ತೆ. ಸೋರಲಿ. ಮಂಚದ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೀನಿ.

ಆಮೇಲೆ ಮೂರು ದಿನ ಗಾಡಿ ಒಳಗೆ ಕಾಲಿಟ್ಟಿಲ್ಲ, ಅಲ್ಲಾಡುತ್ತೆ ಅಂತ. ಹೊರಗೇ ಮಲಗಿದೆ. ಎರಡು ಗಂಟೆಗೊಂದು ಸಲ ಮೆಟ್ಟಿಲ ಮೇಲಿಂದಲೇ ಕೈ ಚಾಚಿ ಥರ್ಮಾಮೀಟರ್ ನೋಡೋದು, ಬರೆಯೋದು. ಐದು. ಐದು. ನಾಲ್ಕೂವರೆ. ಐದು. ನನಗೆ ಹುಚ್ಚು ಹಿಡಿದಿದೆ ಅಂತ ಕಾಣುತ್ತೆ. ತಣ್ಣಗಿದೆ ಅಂತ ನೋಡಿದ್ರೂ ನಂಬೋಕಾಗ್ತಿಲ್ಲ. ಆವತ್ತೂ ಬೆಂಕಿ ನೋಡಿ ನಂಬಿದ್ದೆ.

ಇವತ್ತು ಮಧ್ಯಾಹ್ನ ಆ ಲೆಕ್ಕ ತಗೊಂಡು ಆಸ್ಪತ್ರೆಗೆ ಹೋದೆ. ಡಾಕ್ಟ್ರು ಸರಿ ಅಂದ್ರು. ಅಷ್ಟಾದ ಮೇಲೆ ನಿಮ್ಮ ಕಾಗದ ಅವಳ ಕೈಗೆ ಕೊಟ್ಟೆ. ಕೊಡದೇ ಇರ್ಬಹುದಿತ್ತು. ಅವಳು ಹೋಗ್ತೀನಿ ಅಂದ್ರೆ ತಡೆಯೋಕೆ ನನ್ನ ಹತ್ತಿರ ಒಂದು ಮಾತಿಲ್ಲ ಮಾವ. ಇರು ಅಂತ ಯಾವ ಬಾಯಲ್ಲಿ ಹೇಳ್ಲಿ?

ಎರಡು ಸಲ ಓದಿದ್ಲು. "ಇದು ಹೇಗೆ ಮಾತಾಡಿದ್ರೆ ಬರ್ಕೊಳ್ಳುತ್ತೆ?" ಅಂತ ಫೋನ್ ಇಸ್ಕೊಂಡ್ಲು. ನನ್ನನ್ನ ಹೊರಗೆ ಕಳಿಸಿದ್ಲು. ಏನು ಹೇಳಿದ್ದಾಳೋ ನಾನು ಓದಿಲ್ಲ. ಇದರ ಹಿಂದೆನೇ ಬರುತ್ತೆ.

ಗಡಿಬಿಡಿ


ಜೂನ್ 27

ಅಪ್ಪ,

ಅವಳನ್ನ ಕಳಿಸು, ಅವಳನ್ನ ಕಳಿಸು ಅಂತ ಎರಡು ಸಲ ಬರೆದಿದ್ದೀರ. ನಾನೇನು ನಿಮ್ಮ ಸೈಟಿಂದ ಇವನು ಎತ್ಕೊಂಡು ಬಂದ ಸಾಮಾನಾ, ಕೆಲಸ ಮುಗೀತು ವಾಪಸ್ ಕಳಿಸು ಅನ್ನೋಕೆ? ನನ್ನ ವಿಷಯ ನನ್ನನ್ನ ಕೇಳಿ.

ಒಂದು ಮಾತು ಇವನಿಗೂ ಹೇಳಿಲ್ಲ, ನಿಮಗೆ ಹೇಳ್ತೀನಿ. ಔಷಧಿ ಕೆಟ್ಟಿದೆ ಅಂತ ನನಗೆ ಎರಡನೇ ದಿನಕ್ಕೇ ಗೊತ್ತಾಗಿತ್ತು. ಹದಿನಾಲ್ಕು ವರ್ಷದಿಂದ ಚುಚ್ಕೊಳ್ತಿರೋಳು ನಾನು, ನನಗೆ ಗೊತ್ತಾಗಲ್ವಾ? ಆದ್ರೂ ಲೆಕ್ಕ ತಪ್ಪಿದೆ ಅಂತ ಇವನಿಗೆ ಹೇಳ್ದೆ. ಆಸ್ಪತ್ರೆಗೆ ಹೋದ್ರೆ ಇವನು ನಿಮಗೆ ಬರೀತಾನೆ. ನೀವು "ನಾನು ಹೇಳಿರಲಿಲ್ವಾ" ಅಂತೀರ, ಬಾ ಅಂತೀರ. ನನ್ನ ಸೂಜಿ ನಾನೇ ಚುಚ್ಕೋತೀನಿ ಅಂತ ಹೇಳಿ ಬಂದಿದ್ನಲ್ಲ, ಆ ಮಾತು ಸೋತುಹೋಗುತ್ತಲ್ಲ. ಇವತ್ತು ಇಳಿಯುತ್ತೆ, ನಾಳೆ ಇಳಿಯುತ್ತೆ ಅಂತ ಕೂತೆ. ಸಾಯೋದಕ್ಕಿಂತ ಅದೇ ದೊಡ್ಡದು ಅನ್ನಿಸ್ತು ಅಪ್ಪ. ಈಗ ಹೇಳೋಕೆ ನಾಚಿಕೆ ಆಗುತ್ತೆ.

ಆದ್ದರಿಂದ ನೀವಿಬ್ಬರೂ ಒಂದು ಬೆರಳು, ನಾಲ್ಕು ಬೆರಳು ಅಂತ ತಪ್ಪನ್ನ ಹಂಚ್ಕೊಳ್ಳೋದು ನಿಲ್ಲಿಸಿ. ಅದರಲ್ಲಿ ದೊಡ್ಡ ಪಾಲು ನಂದು.

ನಾಳೆ ಆ ಗಾಡಿಗೇ ಹೋಗ್ತಿದ್ದೀನಿ. ಭಯ ಇದೆ. ಮಲಗಿದ್ರೆ ಸಾಕು, ಆ ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದು ನೆನಪಾಗುತ್ತೆ. ಕಾಲಿಗೆ ಶಕ್ತಿ ಇಲ್ಲ. ಇವನು ಹೊರಗೆ ಮೆಟ್ಟಿಲ ಮೇಲೆ ಕೂತು ನಾನು ಏನು ಹೇಳ್ತೀನೋ ಅಂತ ಉಗುರು ಕಚ್ತಿದ್ದಾನೆ, ಕಿಟಕಿಲಿ ಕಾಣುತ್ತೆ. ಅಲ್ಲೇ ಇರ್ತೀನೋ, ನಿಮ್ಮ ಹತ್ತಿರ ಬರ್ತೀನೋ, ಇನ್ನೂ ನನಗೇ ಗೊತ್ತಿಲ್ಲ. ಗೊತ್ತಾಗೋವರೆಗೂ ಯಾರೂ ನನ್ನ ಟಿಕೆಟ್ ತೆಗೆಸಬೇಡಿ.

ನಿಮ್ಮ ಮಗಳು


ಜುಲೈ 1

ಮಗಳೇ,

ನಾಲ್ಕು ಸಲ ಬರೆದು ಹರಿದೆ. ನಾಲ್ಕರಲ್ಲೂ ಮತ್ತೆ ಬ್ಲಾಕಿನ ವಿಷಯವೇ ಬಂದಿತ್ತು. ನಿನಗೆ ಬರೆಯುವುದು ನನಗೆ ರೂಢಿಯಿಲ್ಲ. ಮನೆಯಲ್ಲಿದ್ದಾಗ ಬರೆಯುವ ಅಗತ್ಯ ಬರಲಿಲ್ಲ, ನೀನು ಹೋದ ಮೇಲೆ ಬರೆಯಲು ಮನಸ್ಸು ಬಗ್ಗಲಿಲ್ಲ. ಅವನನ್ನು ಕೇಳಿ ಕೇಳಿ ನಿನ್ನನ್ನು ತಿಳಿದುಕೊಳ್ಳುತ್ತಿದ್ದೆ. ಅದು ನಿನಗೂ ಗೊತ್ತಿತ್ತು ಎಂದು ಕಾಣುತ್ತದೆ.

ಟಿಕೆಟ್ಟು ತೆಗೆಸಿದ್ದೆ. ಇವತ್ತು ಬೆಳಿಗ್ಗೆ ಹೋಗಿ ವಾಪಸ್ಸು ಮಾಡಿ ಬಂದೆ.

ನೀನು ಎರಡನೇ ದಿನವೇ ತಿಳಿದೂ ಸುಮ್ಮನಿದ್ದೆ ಎಂಬ ಸಾಲನ್ನು ಮತ್ತೆ ಮತ್ತೆ ಓದಿದೆ. ನನ್ನ ಒಂದು ಮಾತಿಗೆ ಹೆದರಿ ಮಗಳು ಸಾಯಲು ತಯಾರಾಗಿದ್ದಳು. ಇದಕ್ಕೆ ಯಾವ ಮೇಸ್ತ್ರಿ ಏನು ರಿಪೇರಿ ಮಾಡುತ್ತಾನೆ?

ಆದ್ದರಿಂದ ಒಂದೇ ಒಂದು ಕೇಳುತ್ತೇನೆ. ನಿನ್ನನ್ನೇ ಕೇಳುತ್ತಿದ್ದೇನೆ.

ಹೇಗಿದ್ದೀಯ?

ಇದ್ದದ್ದನ್ನು ಇದ್ದಂತೆ ಬರೆ. ನಾಳೆಯೂ ಬರೆ. ಚೆನ್ನಾಗಿಲ್ಲ ಎಂದು ಬರೆದರೂ ನಾನು ಬಾ ಎನ್ನುವುದಿಲ್ಲ.

ಅಪ್ಪ